ಬೆಕ್ಕು ಅಡ್ಡ ಬಂದ ಕೇಸು

ಬೆಕ್ಕು ಅಡ್ಡ ಬಂತೆಂದು ಕರಿಬಸಪ್ಪ ಲಗೇಜ್ ಆಟೋವನ್ನು ನಡುರಸ್ತೆಯಲ್ಲೇ ನಿಲ್ಲಿಸಿದ. ಹಿಂದೆ ಊರಿಗೆ ಊರೇ ಹಾರ್ನ್ ಹೊಡೆಯಿತು. ಪೊಲೀಸಪ್ಪ ಓಡಿಬಂದು ದಂಡದ ಚೀಟಿ ಹರಿದುಕೊಟ್ಟ.

ದಂಡ ಕಟ್ಟಿದರೆ ತಪ್ಪೊಪ್ಪಿದ ಹಾಗೆ. ಹಳೇ ತಪ್ಪುಗಳ ಜೊತೆ ಇದೂ ಸೇರಿ ಲೈಸೆನ್ಸ್ ಹೋಗುತ್ತದೆ, ಮನೆಯ ಒಲೆ ಆರುತ್ತದೆ. ಕೋರ್ಟಿಗೆ ಹೋಗೋಣವೆಂದರೆ ಹೆಂಡತಿ, "ಅಲ್ಲಿ ಗೆದ್ದವ ಸೋತ, ಸೋತವ ಸತ್ತ. ಬೇಡ ಕಣ್ರೀ" ಅಂದಳು.

"ಹೆಂಗಿದ್ರೂ ಸಾಯೋದೇ. ಒಂದು ಮಾತಾಡಿ ಸಾಯ್ತೀನಿ ಕಣೇ" ಎಂದು ಹೊರಟೇಬಿಟ್ಟ.

ಜಡ್ಜ್ ಮುಂದೆ ಕೈಮುಗಿದ. "ಮಹಾಸ್ವಾಮಿ, 'ನೀವು ಮೊದಲು ದಾಟಿ, ಹಿಂದೇನೇ ಬರ್ತೀನಿ' ಅಂತ ಈ ಸಾಹೇಬರಿಗೆ ಹೇಳಿದೆ. ದಾಟಿದರಾ ಕೇಳಿ."

ಪೊಲೀಸಪ್ಪ ಬೆವರಿದ. "ನಾನು ಹೆಂಗೆ ದಾಟಲಿ ಸ್ವಾಮಿ? ಅವತ್ತು ನನ್ನ ಮಗಳ ನಿಶ್ಚಿತಾರ್ಥ!"

ಜಡ್ಜ್ ನಕ್ಕ ರಭಸಕ್ಕೆ ಕರೆಂಟಿಲ್ಲದ ಫ್ಯಾನೂ ತಿರುಗಿತು. ಕೇಸು ವಜಾ ಆಯಿತು, ಲೈಸೆನ್ಸ್ ಉಳಿಯಿತು.