ಡೊಮಿಂಗೊನ ಹಿಂದಿನ ಗೋಡೆ

ಹೆಳವರ ಯಮನಪ್ಪಜ್ಜ ಎತ್ತಿನ ಮೇಲೆ ಕೂತು ಒಂದು ಮನೆತನದ ವಂಶಾವಳಿ ಹೇಳಲು ಶುರು ಮಾಡಿದರೆ ಆ ಮನೆಯ ಹುಂಜ ಕೂಗುವುದನ್ನು ಮರೆಯುತ್ತಿತ್ತು. ಒಮ್ಮೆ ಒಬ್ಬ ಗೌಡರ ಬಾಗಿಲಲ್ಲಿ ಅವನು ಒಂಬತ್ತನೇ ತಲೆಮಾರಿಗೆ ತಲುಪುವಷ್ಟರಲ್ಲಿ ಅಂಗಳದಲ್ಲಿ ಊರಿದ ಹೀರೆಬೀಜ ಬಳ್ಳಿಯಾಗಿ, ಚಪ್ಪರ ಏರಿ, ಕಾಯಿ ಬಿಟ್ಟಿತ್ತು. ಕಾಯಿ ಇನ್ನೂ ಎಳೆಯದಾಗಿತ್ತು, ಅಷ್ಟು ಮಾತ್ರ ಒಪ್ಪಬೇಕು.

ಊರೂರು ತಿರುಗುವುದು, ಮನೆ ಬಾಗಿಲಲ್ಲಿ ನಿಲ್ಲುವುದು, ಆ ಮನೆಯವರ ಅಪ್ಪ, ಅಜ್ಜ, ಮುತ್ತಜ್ಜ ಯಾರು, ಎಲ್ಲಿಂದ ಬಂದರು ಎಂಬುದನ್ನು ಅವರಿಗೇ ಹೇಳುವುದು. ಇದು ಹೆಳವರ ಕಸುಬು.

ಹೇಳುವವನು ಎತ್ತಿನ ಮೇಲೆ, ಕೇಳುವವರು ನೆಲದ ಮೇಲೆ. ಇದು ಯಮನಪ್ಪಜ್ಜನ ಕಟ್ಟಳೆ. ಹೇಳುತ್ತಿರುವಾಗ ಅವನು ದೇಸಾಯರು ಬಂದರೂ ಇಳಿದವನಲ್ಲ, ಆಲಿಕಲ್ಲು ಬಿದ್ದರೂ ಇಳಿದವನಲ್ಲ. ಒಂದು ಸಲ ಹೆಜ್ಜೇನು ಬಂದು ಕಿವಿಯ ಮೇಲೆ ಕೂತಾಗ, "ನೀನೂ ಕೇಳು" ಅಂದು ಮುಂದುವರಿಸಿದ್ದ.

ಅವನ ಶಿಷ್ಯ ಲಗಮಣ್ಣ, ಮೂವತ್ತು ದಾಟಿದವನು. ಹನ್ನೊಂದು ವರ್ಷದಿಂದ ಎತ್ತಿನ ಹಗ್ಗ ಹಿಡಿದು ಮುಂದೆ ನಡೆಯುತ್ತಿದ್ದ. ಮುನ್ನೂರ ಹನ್ನೆರಡು ಮನೆತನ ಅವನಿಗೆ ಬಾಯಿಪಾಠ. ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೂ ಯಾರದಾದರೂ ಮುತ್ತಜ್ಜನ ಹೆಸರು ಉದುರುತ್ತಿತ್ತು.

ಆದರೆ ಅವನಿನ್ನೂ ಎತ್ತು ಏರಿರಲಿಲ್ಲ. ಗುರು 'ಏರು' ಅನ್ನದೆ ಏರುವಂತಿಲ್ಲ. ಏರದವನು ಯಾರ ಬಾಗಿಲಲ್ಲೂ ಬಾಯಿ ತೆರೆಯುವಂತಿಲ್ಲ. ಊರಿನವರು ಅವನಿಗೆ 'ಎತ್ತಿನ ಮುಂದಿನ ಎತ್ತು' ಅಂತ ಹೆಸರಿಟ್ಟಿದ್ದರು.

ಪ್ರತಿ ವರ್ಷ ಹೊಳೆದಂಡೆಯ ಜಾಲಿಮರದ ನೆರಳಿಗೆ ಬಂದಾಗ ಅವನು ಅದೇ ಪ್ರಶ್ನೆ ಕೇಳುತ್ತಿದ್ದ.

"ಅಜ್ಜಾರ, ಈ ವರ್ಷ?"

"ಇನ್ನೊಂದು ಬಾಕಿ ಐತಿ."

"ಯಾವ ಮನೆತನ ಹೇಳ್ರಿ. ಸಂಜಿಮಟ ಕಲ್ತು ಬಿಡ್ತೇನಿ."

"ಮನೆತನ ಅಲ್ಲೋ."

"ಮತ್ತೇನ್ರಿ?"

"ನಾ ಹೇಳಿದ್ರ ನೀ ಕಲ್ತಂಗ ಆಗೂದಿಲ್ಲ."

ಈ ವರ್ಷವೂ ಮಾತು ಅಷ್ಟಕ್ಕೇ ಮುಗಿದಿತ್ತು. ಅಜ್ಜ ಮರಕ್ಕೆ ಒರಗಿ ಕೂತಿದ್ದ. ಲಗಮಣ್ಣ ಮುಖ ಊದಿಸಿಕೊಂಡು ಎತ್ತಿಗೆ ನೀರು ಕುಡಿಸುತ್ತಿದ್ದ. ಆಗ ದಂಡೆಯ ಮೇಲೆ ಒಂದು ಸೈಕಲ್ ಬಂತು.

ಸೈಕಲ್ಲಿನಿಂದ ಇಳಿದವಳು ಸ್ಪೇನ್ ದೇಶದ ಹೆಣ್ಣುಮಗಳು. ಹೆಸರು ಇನ್ಮ. ಧಾರವಾಡದಲ್ಲಿ ಎರಡು ವರ್ಷ ಇದ್ದು ಪುಸ್ತಕದಿಂದ ಕನ್ನಡ ಕಲಿತಿದ್ದಳು. ಆ ಕನ್ನಡ ಎಷ್ಟು ಶುದ್ಧವಾಗಿತ್ತೆಂದರೆ ಅವಳು ಚಹಾ ಕೇಳಿದರೆ ಅಂಗಡಿಯವನು ಎದ್ದು ನಿಂತು ಕೊಡುತ್ತಿದ್ದ.

"ನಮಸ್ಕಾರ. ತಾವು ಜನರ ಮೂಲವನ್ನು ಬಲ್ಲವರೆಂದು ಕೇಳಿದ್ದೇನೆ."

"ಬಲ್ಲವರು ಅಂದ್ರ?" ಲಗಮಣ್ಣ ಎದೆ ಮುಂದೆ ತಂದ. "ಈ ಸೀಮ್ಯಾಗ ಯಾವ ನಾಯಿ ಯಾವ ಮನಿ ಬಿಟ್ಟು ಯಾವ ಮನಿ ಸೇರ್ತು ಅನ್ನೂದನ್ನೂ ಹೇಳ್ತೇವಿ."

"ನಾಯಿ ಬಿಡು," ಅಂದ ಅಜ್ಜ. "ಆಕಿ ಏನು ಕೇಳ್ತಾಳ ಕೇಳು."

ಇನ್ಮ ಚೀಲದಿಂದ ಒಂದು ದಪ್ಪ ನೋಟ್‌ಬುಕ್ ತೆಗೆದಳು.

"ನನ್ನ ಮನೆತನದ ಹೆಸರು ಕೊರ್ತಿಮೋಲ. ನಮ್ಮ ದೇಶದಲ್ಲಿ ಯಾವ ಹೆಸರಿನವರು ಎಲ್ಲಿ ಎಷ್ಟು ಜನ ಎಂದು ಸರ್ಕಾರ ಎಣಿಸುತ್ತದೆ. ಕೆಲವು ಹೆಸರಿನವರು ಲಕ್ಷಗಟ್ಟಲೆ ಇದ್ದಾರೆ. ಕೊರ್ತಿಮೋಲದವರು ಮೂವತ್ತನಾಲ್ಕು."

"ಸಾವಿರ?" ಲಗಮಣ್ಣ ಕೇಳಿದ.

"ಮೂವತ್ತನಾಲ್ಕು ಜನ. ಗುಡ್ಡಗಾಡಿನ ಒಂದು ಜಿಲ್ಲೆಯಲ್ಲಿ ಇಪ್ಪತ್ತೊಂದು. ಪಕ್ಕದ ಜಿಲ್ಲೆಯಲ್ಲಿ ಒಂಬತ್ತು. ನಮ್ಮ ಜಿಲ್ಲೆಯಲ್ಲಿ ನಾಲ್ಕು. ಸಮುದ್ರದಾಚೆ ಅರ್ಜೆಂಟೀನಾದಲ್ಲಿ ಏಳು ಜನರನ್ನು ನಾನೇ ಪತ್ರ ಬರೆದು ಹುಡುಕಿದೆ."

"ನಮ್ಮ ಓಣ್ಯಾಗ ಒಂದು ಮದಿವ್ಯಾಗ ಇದಕ್ಕಿಂತ ಹೆಚ್ಚು ಮಂದಿ ಸಿಟ್ಟಾಗಿ ಊಟ ಬಿಟ್ಟು ಹೋಗ್ತಾರ," ಅಂದ ಲಗಮಣ್ಣ.

ಇನ್ಮ ನಕ್ಕಳು. ನಗು ಅರ್ಧಕ್ಕೇ ನಿಂತಿತು.

"ನಮ್ಮ ಜಿಲ್ಲೆಯಲ್ಲಿ ಮೊದಲು ಐದು ಜನ ಇದ್ದೆವು. ಐದಕ್ಕಿಂತ ಕಡಿಮೆಯಾದರೆ ಆ ಜಿಲ್ಲೆಯ ಪಟ್ಟಿಯಲ್ಲಿ ಹೆಸರನ್ನೇ ತೋರಿಸುವುದಿಲ್ಲ. ಹೋದ ವರ್ಷ ನನ್ನ ತಂದೆ ತೀರಿಕೊಂಡರು. ಈಗ ಪಟ್ಟಿಯಲ್ಲಿ ಆ ಜಾಗ ಖಾಲಿ. ನಾವು ನಾಲ್ವರು ಬದುಕಿದ್ದೇವೆ. ಆದರೆ ಇಲ್ಲ."

ಅಜ್ಜ ಬೆನ್ನು ನೆಟ್ಟಗೆ ಮಾಡಿ ಕೂತ.

"ಹಾಸಿಗೆ ಹಿಡಿದಾಗ ತಂದೆ ಒಂದೇ ಕೇಳಿದರು. ನಾವು ಎಲ್ಲಿಂದ ಬಂದೆವು, ಹುಡುಕಿದೆಯಾ ಎಂದು. ಹುಡುಕಿದೆ. ಆ ಹೆಸರಿಗೆ ಬೀಸುಕಲ್ಲಿನ ಅಂಗಳ ಎಂದು ಒಬ್ಬರು ಅರ್ಥ ಹೇಳುತ್ತಾರೆ, ಕುರಿದೊಡ್ಡಿ ಎಂದು ಇನ್ನೊಬ್ಬರು. ಆ ಹೆಸರಿನ ಊರು ಯಾವ ನಕ್ಷೆಯಲ್ಲೂ ಇಲ್ಲ. ಚರ್ಚಿನ ಹಳೆಯ ಪುಸ್ತಕದಲ್ಲಿ ನಾಲ್ಕು ನೂರು ವರ್ಷದ ಹಿಂದೆ ಒಂದು ಮಗುವಿಗೆ ನಾಮಕರಣ. ಡೊಮಿಂಗೊ ಕೊರ್ತಿಮೋಲ. ಅವನ ತಂದೆಯ ಹೆಸರಿನ ಜಾಗ ಖಾಲಿ. ಅದರ ಹಿಂದಕ್ಕೆ ಹೋಗಲು ಆಗಲಿಲ್ಲ. ಗೋಡೆ." ಅವಳು ನೋಟ್‌ಬುಕ್ಕಿನ ಮೇಲೆ ಅಂಗೈ ಇಟ್ಟಳು. "ಡೊಮಿಂಗೊನ ಹಿಂದೆ ಯಾರು?"

ಅಜ್ಜ ಹೊಳೆಯ ಕಡೆ ನೋಡಿದ. ಆಮೇಲೆ ಶಿಷ್ಯನ ಕಡೆ.

"ಲಗಮಣ್ಣಾ, ಏರು."

"ಎಲ್ಲಿಗ್ರಿ?"

"ಎತ್ತಿನ ಮ್ಯಾಲ. ಈಕಿ ಮನೆತನ ನೀ ಹೇಳು. ಸರಿಯಾಗಿ ಹೇಳಿದ್ರ ಎತ್ತು ನಿಂದು."

ಲಗಮಣ್ಣನ ಕೈಯಿಂದ ಹಗ್ಗ ಜಾರಿತು. ಹನ್ನೊಂದು ವರ್ಷ ಕನಸಿನಲ್ಲಿ ಏರಿದ್ದ ಎತ್ತು ಅದು. ಕನಸಿನಲ್ಲಿ ಇಷ್ಟು ಎತ್ತರ ಇರಲಿಲ್ಲ. ಮೂರನೇ ಸಲಕ್ಕೆ ಏರಿ ಕೂತ. ಮೇಲಿನಿಂದ ನೋಡಿದರೆ ಹೊಳೆ ಕಾಲುವೆಯಷ್ಟಾಗಿ ಕಂಡಿತು.

ಬಾಯಿ ತೆರೆದ. ಒಳಗೆ ಏನೂ ಇರಲಿಲ್ಲ.

ಮುನ್ನೂರ ಹನ್ನೆರಡು ಮನೆತನದಲ್ಲಿ ಕೊರ್ತಿಮೋಲ ಇಲ್ಲ. ಇಲ್ಲ ಅಂದರೆ ಇಳಿಯಬೇಕು. ಇಳಿದರೆ ಮತ್ತೆ ಹಗ್ಗ, ಮತ್ತೆ ಆ ಅಡ್ಡಹೆಸರು. ಲಗಮಣ್ಣ ಕಣ್ಣು ಮುಚ್ಚಿ ದನಿ ಎತ್ತಿದ.

"ಕೇಳವ್ವಾ ತಾಯಿ! ಡೊಮಿಂಗೊನ ಅಪ್ಪ ಸಾಮಾನ್ಯದಾವಲ್ಲ! ಮೀಸಿ ತಿರುವಿದ್ರ ಗಾಳಿ ದಿಕ್ಕು ಬದಲಸ್ತಿತ್ತು! ನಲವತ್ತು ಬಿಳಿ ಕುದರಿ ಕಟ್ಟಿದ್ದ! ಏಳು ಸಮುದ್ರ ದಾಟಿ ಬಂದು ರಾಜನ ಮಾನ ಉಳಿಸಿದ! ಮೆಚ್ಚಿದ ರಾಜ ಬೆಟ್ಟ ಉಂಬಳಿ ಕೊಟ್ಟು ಕೊರ್ತಿಮೋಲ ಅಂತ ಬಿರುದು ಕೊಟ್ಟ!"

ಇನ್ಮ 'ನಲವತ್ತು ಕುದುರೆ' ಅನ್ನುವವರೆಗೆ ಬರೆದುಕೊಂಡಳು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದಳು.

"ಬಹಳ ಚೆನ್ನಾಗಿದೆ," ಅಂದಳು ಮೆಲ್ಲಗೆ. "ನನ್ನ ಗೆಳತಿಯ ಮನೆತನಕ್ಕೂ ಇದು ಸರಿಹೊಂದುತ್ತದೆ."

ಎತ್ತು ಬಾಲ ಬೀಸಿತು.

"ಕುದರಿ ಎಷ್ಟಂದಿ?" ಅಜ್ಜ ಕೇಳಿದ.

"ನಲವತ್ತು ರೀ."

"ಒಂದು ಹೆಸರಿನ ಜಾಗ ಖಾಲಿ ಇತ್ತು. ಇಷ್ಟು ಸಣ್ಣ ಜಾಗದಾಗ ನಲವತ್ತು ಕುದರಿ ಕಟ್ಟಿದೆಲ್ಲೋ. ಉಚ್ಚಿ ಹೊಯ್ಯಾಕರ ಜಾಗ ಬಿಟ್ಟೀಯೇನು ಅವಕ್ಕ? ಇಳಿ."

ಲಗಮಣ್ಣ ಇಳಿದ. ಏರುವಾಗ ಮೂರು ಸಲ ಬೇಕಾಗಿತ್ತು, ಇಳಿಯುವುದು ಒಂದೇ ಸಲಕ್ಕೆ ಆಯಿತು.

ಈಗ ಅಜ್ಜ ಏರಿದ. ಸೊಂಟಕ್ಕೆ ಕಟ್ಟಿದ್ದ ಹೆಳವರ ಗಂಟೆಯನ್ನು ಒಂದು ಸಲ ಬಾರಿಸಿದ.

"ನಿನ್ನ ಹೆಸರು ಪೂರಾ ಹೇಳವ್ವ."

"ಇನ್ಮ ಕೊರ್ತಿಮೋಲ ರೇಗಾದ."

"ಎರಡು ಮನೆತನ ಯಾಕ?"

"ನಮ್ಮಲ್ಲಿ ಎಲ್ಲರಿಗೂ ಎರಡು. ಮೊದಲನೆಯದು ತಂದೆಯದು, ಎರಡನೆಯದು ತಾಯಿಯದು. ಮದುವೆಯಾದರೂ ಹೆಣ್ಣಿನ ಹೆಸರು ಬದಲಾಗುವುದಿಲ್ಲ."

"ಹಂಗಾದ್ರ ಅವ್ವನ ಹೆಸರು ಉಳೀತದ."

"ಒಂದು ತಲೆಮಾರು ಮಾತ್ರ. ಹಳೆಯ ವಾಡಿಕೆಯಲ್ಲಿ ಮುಂದಕ್ಕೆ ಹೋಗುವುದು ತಂದೆಯರ ಹೆಸರು."

"ಅಲ್ಲಿಗೆ ಕಳೀತೇನು?"

"ಕಾಗದದಲ್ಲಿ ಕಳೆಯುತ್ತದೆ. ನನ್ನ ಅಜ್ಜಿ ಕಳೆಯಲು ಬಿಡಲಿಲ್ಲ. ಬಾದಾಮಿ ಒಡೆಯುವಾಗ ನಮ್ಮನ್ನು ಕೂರಿಸಿಕೊಂಡು ಒಂದು ಬಾದಾಮಿಗೆ ಒಂದು ಹೆಸರು ಹೇಳಿಸುತ್ತಿದ್ದಳು. ತಂದೆಯ ತಾಯಿಯ ಮನೆ, ತಾಯಿಯ ತಾಯಿಯ ಮನೆ, ಅವರ ತಾಯಂದಿರ ಮನೆ. ಹದಿನಾರು ಹೆಸರು. ತಪ್ಪಿದರೆ ಬಾದಾಮಿ ಅವಳ ಬಾಯಿಗೆ."

"ಹೇಳು ನೋಡೂಣು."

ಇನ್ಮ ನೋಟ್‌ಬುಕ್ ಮುಚ್ಚಿದಳು. ಕಣ್ಣನ್ನೂ ಮುಚ್ಚಿದಳು.

"ಕೊರ್ತಿಮೋಲ. ರೇಗಾದ. ಸೋಲಿಸ್. ಬರ್ರಿಯೋಸ್. ಮೆದ್ರಾನೊ. ಎಸ್ಕುದೆರೊ. ಪಾಸ್ತೊರ್. ಕಸಾದೊ."

ಎಂಟು ಆಗುವಾಗ ಅಜ್ಜನ ಕೈ ಹಗ್ಗ ಬಿಟ್ಟಿತು.

"ಲುಯೆಂಗೊ. ವಿಯಾರ್. ಓತೆರೊ. ತೆಹೆದೋರ್."

ಹನ್ನೆರಡು ಆಗುವಾಗ ಅಜ್ಜನ ಒಂದು ಕಾಲು ಎತ್ತಿನ ಬೆನ್ನು ದಾಟಿ ಈಚೆ ಬಂತು. ಲಗಮಣ್ಣ ಅಜ್ಜನಿಗೆ ತಲೆ ತಿರುಗಿತೆಂದು ಹಿಡಿಯಲು ಓಡಿದ. ಅಜ್ಜ ಅವನ ಕೈ ಸರಿಸಿದ.

ಹದಿನಾರನೇ ಹೆಸರು ಬಿದ್ದಾಗ ಯಮನಪ್ಪಜ್ಜ ನೆಲದ ಮೇಲೆ ನಿಂತಿದ್ದ. ಬರಿಗಾಲಲ್ಲಿ, ಕೈ ಜೋಡಿಸಿಕೊಂಡು. ಬೆನ್ನು ಹಗುರಾದದ್ದಕ್ಕೆ ಗಾಬರಿಯಾಗಿ ಎತ್ತೇ ತಿರುಗಿ ನೋಡಿತು.

"ಅಜ್ಜಾರ! ಇಳದ್ರೆಲ್ರಿ!"

"ಹೇಳಾಕಿ ಈಕಿ. ಕೇಳಾವರು ನಾವು," ಅಂದ ಅಜ್ಜ. "ಕೇಳಾವರು ನೆಲದ ಮ್ಯಾಲ ಇರಬೇಕು."

ಅವನು ಇನ್ಮಳ ಕಡೆ ತಿರುಗಿದ.

"ಹದಿನಾರರ ಹಿಂದ ಎಷ್ಟವ್ವ?"

"ಮೂವತ್ತೆರಡು."

"ಅದರ ಹಿಂದ?"

"ಅರವತ್ತನಾಲ್ಕು."

"ಡೊಮಿಂಗೊನ ಕಾಲಕ್ಕ ಹೋಗೂದ್ರಾಗ?"

ಇನ್ಮ ಬೆರಳು ಮಡಿಚುತ್ತ ಎಣಿಸಿದಳು. ಬೆರಳು ಸಾಲದೆ ಮರಳಲ್ಲಿ ಬರೆದಳು. ಬರೆದದ್ದನ್ನು ಅವಳೇ ನಂಬದೆ ಇನ್ನೊಮ್ಮೆ ಎಣಿಸಿದಳು.

"ಹದಿಮೂರು ತಲೆಮಾರು. ಎಂಟು ಸಾವಿರದ ನೂರ ತೊಂಬತ್ತೆರಡು."

"ಅದರಾಗ ಕೊರ್ತಿಮೋಲ?"

"ಒಂದು."

ಒಬ್ಬ ಹೆಣ್ಣುಮಗಳ ಬೆನ್ನ ಹಿಂದೆ ಎಂಟು ಸಾವಿರ ಬಾಗಿಲು. ಲಗಮಣ್ಣ ತನಗೆ ತಿಳಿಯದೆ ಅವಳ ಹಿಂದೆ ನೋಡಿದ. ಅಲ್ಲಿ ಸೈಕಲ್ ಇತ್ತು, ಜಾಲಿಮರ ಇತ್ತು.

"ಡೊಮಿಂಗೊಗ ಹೆಣ್ಣುಮಕ್ಕಳಿದ್ರೇನು?" ಅಜ್ಜ ಕೇಳಿದ.

"ಮೂವರು. ಮದುವೆಯಾಗಿ ಬೇರೆ ಕಣಿವೆಗಳಿಗೆ ಹೋದರು. ಅವರ ಮಕ್ಕಳಿಗೆ ಗಂಡಂದಿರ ಹೆಸರು ಬಂತು."

"ಆ ಮಕ್ಕಳಿಗೆ ಮಕ್ಕಳು?"

"ಆಗಿರಲೇಬೇಕು."

"ಇವತ್ತಿಗೆ ಅವರು ಎಷ್ಟು ಮಂದಿ?"

ಇನ್ಮ ಮರಳಲ್ಲಿ ಬರೆದ ಅಂಕಿಯನ್ನು ನೋಡಿದಳು.

"ಯಾರೂ ಎಣಿಸಿಲ್ಲ," ಅಂದಳು. "ಒಂದು ಊರಿನಷ್ಟು ಇರಬಹುದು. ಹತ್ತು ಊರಿನಷ್ಟು ಇರಬಹುದು. ನಮ್ಮ ಮಾರುಕಟ್ಟೆಯಲ್ಲಿ ನನಗೆ ಬಾದಾಮಿ ಮಾರುವ ಹೆಂಗಸೂ..." ಅವಳ ಪುಸ್ತಕದ ಕನ್ನಡ ಅಲ್ಲಿಗೆ ಮುಗಿಯಿತು. ಮುಂದಿನದನ್ನು ಅವಳು ತನ್ನ ಭಾಷೆಯಲ್ಲೇ ಹೇಳಿಕೊಂಡಳು, ನೀರಿನ ಕಡೆ ತಿರುಗಿ, ತಂದೆಗೆ ಹೇಳುವಂತೆ.

ಅಜ್ಜ ಅವಳನ್ನು ಅವಳ ಪಾಡಿಗೆ ಬಿಟ್ಟು ಶಿಷ್ಯನ ಕಡೆ ಬಂದ.

"ನಿಮ್ಮವ್ವ ಯಾರೋ?"

"ಸೋಮವ್ವ ಅಲ್ರಿ? ನಿಮಗ ಗೊತ್ತಿಲ್ಲೇನು, ಹೋದ ವಾರ ಆಕಿ ರೊಟ್ಟಿ ತಿಂದ್ರಿ."

"ಆಕಿ ಅವ್ವ?"

"ದ್ಯಾಮವ್ವ."

"ಆಕಿ ಅವ್ವ?"

ಮುನ್ನೂರ ಹನ್ನೆರಡು ಮನೆತನದ ಅಜ್ಜಂದಿರೆಲ್ಲ ಲಗಮಣ್ಣನ ಗಂಟಲಲ್ಲಿ ರುಮಾಲು ಸುತ್ತಿಕೊಂಡು ಸಾಲಾಗಿ ನಿಂತರು. ಅವರಲ್ಲಿ ಒಬ್ಬನೂ ಸರಿದು ದಾರಿ ಬಿಡಲಿಲ್ಲ. ಅವರ ಹಿಂದೆ ಎಲ್ಲೋ ಒಬ್ಬ ಹೆಂಗಸು ನಿಂತಿರಬೇಕು. ಕಾಣಿಸಲಿಲ್ಲ.

"ಗೊತ್ತಿಲ್ರಿ," ಅಂದ.

ಆ ದನಿ ಯಾರದೆಂದು ಅವನಿಗೇ ಗುರುತು ಸಿಗಲಿಲ್ಲ.

"ನನಗೂ ಗೊತ್ತಿಲ್ಲೋ," ಅಂದ ಅಜ್ಜ. "ನಮ್ಮವ್ವನ ಅವ್ವನ ಹೆಸರು. ಐವತ್ತು ವರ್ಷ ಇದರ ಮ್ಯಾಲ ಕುಂತು ಮಂದಿ ಅಜ್ಜಂದಿರನ್ನೆಲ್ಲಾ ಕೂಗಿ ಕರದೆ."

ಅವನು ಎತ್ತಿನ ಕುತ್ತಿಗೆಯನ್ನು ಸವರಿದ.

"ಬಾಕಿ ಇದ್ದದ್ದು ಇದ. ಈಗ ಒಂದು ಮಾತು ಅಂದಿ ನೋಡು, ಗೊತ್ತಿಲ್ಲ ಅಂತ. ಹನ್ನೊಂದು ವರ್ಷದಾಗ ನಿನ್ನ ಬಾಯಿಂದ ಅದು ಇವತ್ತ ಬಂತು. ಏರು."

ಲಗಮಣ್ಣನಿಗೆ ಏರುವ ಮನಸ್ಸೇ ಇರಲಿಲ್ಲ. ಅಜ್ಜ ಅಂಗೈ ಕೊಟ್ಟ. ಅದರ ಮೇಲೆ ಕಾಲಿಟ್ಟು ಏರಿದ. ಮೇಲಿನಿಂದ ನೋಡಿದ. ಹೊಳೆಗೆ ಈಗ ಆಚೆ ದಡವೇ ಕಾಣಲಿಲ್ಲ.

ಇನ್ಮ ಕಣ್ಣೊರೆಸಿಕೊಂಡು ಬಂದಳು. ನೋಟ್‌ಬುಕ್ ತೆರೆದು ಲಗಮಣ್ಣನ ಮುಂದೆ ಹಿಡಿದಳು.

"ಈ ಕುದುರೆಗಳನ್ನು ಹೊಡೆದುಹಾಕಿದ್ದೇನೆ. ಡೊಮಿಂಗೊನ ಹಿಂದೆ ಏನು ಬರೆಯಲಿ?"

ಎತ್ತು ಮೆಲುಕು ನಿಲ್ಲಿಸಿತು.

ಲಗಮಣ್ಣನ ನಾಲಿಗೆಯ ತುದಿಗೆ ಒಂದು ಬಿಳಿ ಕುದುರೆ ಬಂದು ನಿಂತು ಕೆನೆಯಿತು. ಅದರ ಹಿಂದೆ ಉಳಿದ ಮೂವತ್ತೊಂಬತ್ತೂ ಬರುವ ಸದ್ದು ಕೇಳಿಸಿತು. ಅವನು ಗುಟುಕರಿಸಿ ಅಷ್ಟನ್ನೂ ನುಂಗಿದ.

"ಗೊತ್ತಿಲ್ಲ ಅಂತ ಬರೀರಿ, ಅಕ್ಕಾರ."

ಅಜ್ಜ ತನ್ನ ಸೊಂಟದ ಗಂಟೆ ಬಿಚ್ಚಿ ಅವನ ಕೈಗಿಟ್ಟ.

ಇನ್ಮ ಬರೆದಳು. ಬರೆದ ಅಕ್ಷರಗಳನ್ನು ಒಂದು ಗಳಿಗೆ ನೋಡಿದಳು.

"ಹಾಗಾದರೆ ಕೊನೆಗೂ ಅಲ್ಲಿ ಗೋಡೆಯೇ."

ಅಜ್ಜ ಎತ್ತಿನ ಹಗ್ಗ ಕೈಗೆ ತೆಗೆದುಕೊಂಡ.

"ಗೋಡಿ ಎಲ್ಲೈತವ್ವ? ಅಲ್ಲೊಬ್ಬಾಕಿ ಅವ್ವ ಆ ಕೂಸಿನ್ನ ಎತ್ತಿಗೊಂಡು ನಿಂತಾಳ. ಆಕಿ ಹೆಸರು ಕೇಳಾವರು ಇನ್ನೂ ಬಂದಿಲ್ಲ, ಅಷ್ಟ."