ಪರಾರಿಯಪ್ಪನ ಗುಡ್ಡ

ಬಿದರೆಕಾವಲಿನಲ್ಲಿ ಬಸ್ಸಿಳಿದು ಬಡಗಣ ದಿಕ್ಕಿಗೆ ತಿರುಗಿದರೆ ಕಾಣುವುದೇ ಪರಾರಿಯಪ್ಪನ ಗುಡ್ಡ. ಅಂಥ ಎತ್ತರವೇನಲ್ಲ, ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಹೊರಟರೆ ಅದು ಮುಗಿಯುವಷ್ಟರಲ್ಲಿ ತುದಿ ಮುಟ್ಟಬಹುದು. ದಾರಿ ಒಂದೇ, ತೆಂಕಣ ಮಗ್ಗುಲಿನದು. ಉಳಿದ ಮೂರು ಕಡೆ ಬರಿಯ ಕಡಿದಾದ ಬಂಡೆ. ಮೇಲೆ ಗುಡಿಯಿಲ್ಲ, ಗೋಪುರವಿಲ್ಲ. ಆಳೆತ್ತರದ ಎರಡು ಕಲ್ಲುಗೂಟ, ಅವುಗಳ ಸುತ್ತ ದನ ಕೂಡುವ ಎದೆಮಟ್ಟದ ಕಲ್ಲಿನ ರೊಪ್ಪ, ರೊಪ್ಪದ ಬಾಗಿಲಲ್ಲಿ ನಡುವೆ ಗುಳಿಬಿದ್ದ ಒಂದು ಚಪ್ಪಡಿ. ಯಾವಾಗ ಹೋದರೂ ಆ ಗುಳಿಯಲ್ಲಿ ಒಂದು ಹಿಡಿ ಹರಳುಪ್ಪು ಇರುತ್ತದೆ. ಗುಡ್ಡಕ್ಕೆ ಬರುವ ದನಗಾರರು ಹಳೆಯ ಮೂಗುದಾರಗಳನ್ನು ಕಲ್ಲುಗೂಟಗಳಿಗೆ ಸುತ್ತಿ ಹೋಗುತ್ತಾರೆ. ದೂರದೂರಿನವರು ಕೈಮುಗಿದು, 'ಯಾವ ದೇವರು?' ಎಂದು ಕೇಳುವುದುಂಟು. ದೇವರಲ್ಲ, ದಂಡಿನಿಂದ ಓಡಿಬಂದವನೊಬ್ಬನ ಜಾಗ ಎಂದರೆ ಮುಗಿದ ಕೈಯನ್ನು ಮೆಲ್ಲಗೆ ಕೆಳಗಿಳಿಸುತ್ತಾರೆ.

ಹಾಗೆ ಕೈ ಇಳಿಸುವವರನ್ನು ಕಂಡರೆ ನನಗೆ ಈಗ ನಗು ಬರುತ್ತದೆ. ಮೊದಲು ಮೈಯೆಲ್ಲ ಉರಿಯುತ್ತಿತ್ತು. ಪರಾರಿಯಪ್ಪ ಎಂದು ಲೋಕ ಕರೆಯುವ ಕ್ಯಾತಣ್ಣ ನನ್ನ ಮುತ್ತಜ್ಜನ ತಂದೆ. ಸರ್ಕಾರದ ತೋಪು ಎಳೆಯುವ ಎತ್ತುಗಳನ್ನು ಹೊಡೆಯುವ ಆಳಾಗಿದ್ದವನು, ತೋಪಿನ ಸದ್ದಿಗೆ ಹೆದರಿ ಎತ್ತು ಕದ್ದು ಓಡಿಬಂದ ಎನ್ನುತ್ತಾರೆ. ನಮ್ಮದು 'ಪರಾರಿಯವರ ಮನೆ'. ಶಾಲೆಯ ಓಟದ ಪಂದ್ಯದಲ್ಲಿ ನಾನು ಗೆದ್ದಾಗ ಮೇಷ್ಟರೇ 'ವಂಶದ ಗುಣ' ಎಂದು ನಕ್ಕಿದ್ದರು. ಆಮೇಲೆ ನಾನು ಓಡಲೇ ಇಲ್ಲ. ನನ್ನ ತಂದೆಯಂತೂ ಸಾಯುವವರೆಗೆ ಆ ಗುಡ್ಡ ಹತ್ತಲಿಲ್ಲ. ದನ ಮೇಲೆ ಹೋದರೆ ಪಕ್ಕದ ಮನೆಯವರನ್ನು ಕಳಿಸಿ ಹೊಡೆಸಿಕೊಂಡು ಬರುತ್ತಿದ್ದ.

ಎರಡು ವರ್ಷದ ಹಿಂದೆ ಗುಡ್ಡಕ್ಕೆ ಬರುವವರು ಹೆಚ್ಚಿ, ಪಂಚಾಯಿತಿಯವರು ಬುಡದಲ್ಲೊಂದು ಫಲಕ ನೆಡಲು ಮುಂದಾದರು. ಅಧ್ಯಕ್ಷ ಪರಮೇಶಿ ನಮ್ಮ ಜಗಲಿಗೇ ಬಂದು ಕುಳಿತ. "ಯಜಮಾನ್ರೇ, ಪರಾರಿ ಅಂತ ಬೋರ್ಡ್ ಬರ್ಸಿದ್ರೆ ಊರಿನ್ ಮರ್ಯಾದಿ ಏನಾಗ್ಬೇಕು? ನಿಮ್ ಹಿರೀಕ ಶೂರ ಅನ್ನೋಕೆ ಒಂದ್ ಕಾಗದ ತನ್ನಿ, 'ವೀರಯೋಧನ ಗುಡ್ಡ' ಅಂತ ಬರ್ಸಣ. ಇಲ್ದಿದ್ರೆ 'ಅಮೃತಗಿರಿ' ಅಂತ ಬರ್ಸಿ ಕೈ ತೊಳ್ಕಂತೀವಿ" ಎಂದ. ನಾಲ್ಕು ತಲೆಮಾರಿನ ಕಳಂಕ ತೊಳೆಯಲು ನನಗೆ ಸಿಕ್ಕಿದ್ದು ಇದೊಂದೇ ಅವಕಾಶ. ಪಶು ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಕಾಂಪೌಂಡರಾಗಿ ದುಡಿದು ನಿವೃತ್ತನಾದವನಿಗೆ ಬೇರೆ ಕೆಲಸವಾದರೂ ಏನಿತ್ತು? ಕಾಗದ ತರುತ್ತೇನೆಂದು ಮಾತು ಕೊಟ್ಟೆ.

ಹಳೆಯ ದಂಡಿನ ಕಡತಗಳಿರುವ ದಫ್ತರಖಾನೆ ರಾಜಧಾನಿಯಲ್ಲಿದೆ. ಪ್ರತಿ ಸೋಮವಾರ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ. ಹಳೆಯ ಕಡತಗಳ ಕೂಡಕ್ಷರದ ಮೋಡಿ ಬರಹ ಓದಬಲ್ಲ ಸುಲೋಚನಾಬಾಯಿ ಎಂಬ ಹೆಣ್ಣುಮಗಳು ಅಲ್ಲಿದ್ದರು. ನನ್ನ ಬಿಳಿಗಡ್ಡಕ್ಕೆ ಕನಿಕರಿಸಿಯೋ ಏನೋ, ಬೇಸರಿಸದೆ ಓದಿ ಹೇಳುತ್ತಿದ್ದರು. ಮೂರು ತಿಂಗಳು ಆಳುಗಳ ಪಟ್ಟಿಗಳನ್ನೆಲ್ಲ ಜಾಲಾಡಿದೆವು. ಕ್ಯಾತಣ್ಣನ ಸುಳಿವಿಲ್ಲ. "ಆಳಿನ ಪಟ್ಟೀಲಿ ಇಲ್ಲಾಂದ್ರೆ ಇಲ್ಲ ಯಜಮಾನ್ರೇ, ನಾನೆಲ್ಲಿಂದ ತರ್ಲಿ?" ಎಂದರು ಆಕೆ. ಆಗ ನನ್ನ ಮಂದಬುದ್ಧಿಗೆ ಹೊಳೆಯಿತು. ನಮ್ಮ ಆಸ್ಪತ್ರೆಯ ಪುಸ್ತಕದಲ್ಲಿಯೂ ದನದ ಹೆಸರು ಮೊದಲು, ಹಿಡಿದುಕೊಂಡು ಬಂದವನ ಹೆಸರು ಆಮೇಲೆ. "ತಾಯಿ, ಎತ್ತಿಂದೊಂದು ಪಟ್ಟಿ ಇರ್ಬೇಕಲ್ವಾ?" ಎಂದು ಕೇಳಿದೆ. ಇತ್ತು. ತೋಪಿನ ಪಡೆಗೆ ಎತ್ತು ಮುಖ್ಯ, ಆಳು ಅದರ ಬಾಲ. ಬಿಲ್ಲ ಮತ್ತು ಬಾಣ ಎಂಬ ಜೋಡಿ, ಬಿದರೆಕಾವಲಿನ ತಳಿ, ಹೊಡೆಯುವಾತ ಕ್ಯಾತ ಎಂದಿತ್ತು. ಅದರ ಮುಂದೆ ಕೆಂಪು ಶಾಯಿಯಲ್ಲಿ, ಉಳಿದ ಬರಹದ ಎರಡರಷ್ಟು ದೊಡ್ಡ ಅಕ್ಷರದಲ್ಲಿ, 'ಪರಾರಿ'. ಅಷ್ಟು ದೂರ ಬಂದು ನಾನು ಹುಡುಕಿ ತೆಗೆದದ್ದು ನನ್ನ ಮನೆಯ ಅವಮಾನವನ್ನೇ. ಚೀಲ ಎತ್ತಿಕೊಂಡು ಹೊರಟವನನ್ನು ಸುಲೋಚನಾಬಾಯಿ ಗದರಿ ಕೂರಿಸಿದರು. ಆ ಹಾಳೆಯ ಬೆನ್ನಿಗೆ ದಾರದಿಂದ ಹೊಲಿದ ಇನ್ನೂ ಮೂರು ಹಾಳೆಗಳಿದ್ದವು. ಊರು ಹೇಳದ ಕಥೆ ಆ ಮೂರು ಹಾಳೆಗಳಲ್ಲಿತ್ತು. ಊರಿನ ಹಳಬರ ಮಾತನ್ನೂ ಅದನ್ನೂ ಜೋಡಿಸಿ ಹೇಳುತ್ತೇನೆ.

ಹಿಂದೆ ಒಮ್ಮೆ ನಮ್ಮ ಮೇವಿನ ಕಾವಲುಗಳ ಹುಲ್ಲೆಲ್ಲ ಸರ್ಕಾರದ ದನಕ್ಕೇ ಮೀಸಲಾಗಿತ್ತು. ಆ ದನಗಳು ಅರೆಕಾಡು ಜಾತಿಯವು. ಸಾಕಿದವನ ಹೊರತು ಬೇರೆಯವನು ಹತ್ತಿರ ಹೋದರೆ ಕೊಂಬಿಗೇರಿಸುತ್ತಿದ್ದವು. ಮೂರು ವರ್ಷ ತುಂಬಿದ ಹೋರಿಗೆ ಮೂಗುದಾರ ಹಾಕುವ ದಿನ ಹಟ್ಟಿಯ ಹಿರಿಯರು ಸೇರುತ್ತಿದ್ದರು. ಪಳಗಿಸುವವನು ತನ್ನ ಅಂಗೈಯಲ್ಲಿ ಉಪ್ಪು ಹಿಡಿದು ಅದಕ್ಕೆ ನೆಕ್ಕಿಸಿ, 'ಉಪ್ಪು ಕೊಟ್ಟಿದೀನಿ, ನಡುದಾರೀಲಿ ಬಿಡಾಕಿಲ್ಲ' ಎಂದು ಎಲ್ಲರ ಮುಂದೆ ಹೇಳಬೇಕು. ಹೇಳಿ ತಪ್ಪಿದವನ ಮನೆಗೆ ಹಟ್ಟಿಯವರು ಬೆಂಕಿ ನೀರು ಕೊಡುತ್ತಿರಲಿಲ್ಲ. ಕ್ಯಾತಣ್ಣ ಬಿಲ್ಲನಿಗೂ ಬಾಣನಿಗೂ ಒಂದೇ ದಿನ ಉಪ್ಪು ಕೊಟ್ಟವನು. ಆ ಜೋಡಿಯೊಡನೆ ಏಳು ವರ್ಷ ದಂಡಿನ ಹಿಂದೆ ತಿರುಗಿದ.

ಏಳನೆಯ ವರ್ಷ ಬಡಗಣ ಸೀಮೆಯ ಯಾವುದೋ ಕೋಟೆಗೆ ಮುತ್ತಿಗೆ ಬಿತ್ತು. ಎರೆಮಣ್ಣಿನ ಕೆಸರಿನಲ್ಲಿ ತೋಪು ಎಳೆದೆಳೆದು ಎತ್ತುಗಳ ಕಾಲು ಮುರುಟಿದವು. ಬಿಲ್ಲನ ಮುಂಗಾಲಿನ ಗೊರಸು ಸೀಳಿತು. ಕೋಟೆ ಕೈಸೇರಿದ ಮೇಲೆ ಅಪ್ಪಣೆಯಾಯಿತು: ನಡೆಯಲಾರದ ಎತ್ತು ಹದಿನಾಲ್ಕು, ಶತ್ರುವಿನ ಕೈಗೆ ಸಿಕ್ಕದಂತೆ ಗುಂಡಿಟ್ಟು ಮುಗಿಸತಕ್ಕದ್ದು. ಪಟ್ಟಿಯಲ್ಲಿ ಬಿಲ್ಲನಿದ್ದ. ಇವನು ಉಳಿದರೆ ಒಂದು ತಿಂಗಳಲ್ಲಿ ನೆಟ್ಟಗಾಗುತ್ತಾನೆ ಎಂದು ಕ್ಯಾತಣ್ಣ ಮೇಲಿನವರ ಕಾಲು ಹಿಡಿದ; ಯಾರೂ ಕಿವಿಗೊಡಲಿಲ್ಲ. ಮರುದಿನ ಹಾಡುಹಗಲೇ, ಇಡೀ ಪಾಳೆಯ ನೋಡುತ್ತಿರುವಂತೆ, ಎರಡೂ ಎತ್ತುಗಳ ಹಗ್ಗ ಹಿಡಿದು ನಡೆದ. ನೀರಿಗೆ ಹೊಡೆದುಕೊಂಡು ಹೋಗುತ್ತಿದ್ದಾನೆ ಎಂದು ಪಹರೆಯವರು ದಾರಿ ಬಿಟ್ಟರು. ತನ್ನ ಕಾಲಿನ ಚಪ್ಪಲಿ ಕೊಯ್ದು ಆ ಚರ್ಮದಿಂದ ಬಿಲ್ಲನ ಗೊರಸು ಕಟ್ಟಿ, ತಾನು ಬರಿಗಾಲಲ್ಲಿ ನಲವತ್ತಮೂರು ದಿನ ನಡೆದು ಊರು ಸೇರಿದ. ನಮ್ಮ ಊರು ಇದನ್ನು ಓಟ ಎನ್ನುತ್ತದೆ! ಕುಂಟುವ ಎತ್ತಿನ ಜೊತೆ ಓಡಿದವನನ್ನು ಯಾರಾದರೂ ಕಂಡಿದ್ದಾರೆಯೇ?

ಮನೆಗೆ ಬಂದವನು ಮನೆಯಲ್ಲಿ ನಿಲ್ಲಲಿಲ್ಲ. ಹಿಂದೆಯೇ ಆಳು ಬರುತ್ತಾರೆಂದು ಅವನಿಗೆ ಗೊತ್ತಿತ್ತು. ಎತ್ತುಗಳನ್ನು ಗುಡ್ಡದ ಮೇಲೇರಿಸಿ ಗೂಟ ನೆಟ್ಟು ಸುತ್ತ ರೊಪ್ಪ ಕಟ್ಟಿದ. ಹೆಂಡತಿ ಸಿರಿಯಮ್ಮ ಹುಲ್ಲು, ನೀರು ಹೊತ್ತಳು. ಬಿಲ್ಲನ ಗೊರಸು ಕೂಡಿತು. ಆರು ವಾರ ಕಳೆದು ದಫೇದಾರನೊಬ್ಬ ಎಂಟು ಮಂದಿಯೊಡನೆ ಬಂದ. ಹಿಂದೆ ಗುಂಡಿಡಲು ಹೇಳಿದ್ದರೂ, ನಡೆದು ಊರು ಸೇರಿದ ಎತ್ತು ಸರ್ಕಾರದ ಸ್ವತ್ತು, ಜೀವಸಹಿತ ತರಬೇಕೆಂದು ಈಗ ಅವನಿಗೆ ಕಟ್ಟಪ್ಪಣೆ. ರೊಪ್ಪದೊಳಗೆ ಕಾಲಿಟ್ಟ ಇಬ್ಬರನ್ನು ಬಾಣ ಗೋಡೆಯಾಚೆಗೆ ಎಸೆದ ಮೇಲೆ ಮೂರನೆಯವನು ಮುಂದೆ ಬರಲಿಲ್ಲ. ಎತ್ತು ಇಳಿಯಬೇಕಾದರೆ ಕ್ಯಾತಣ್ಣನೇ ಇಳಿಸಬೇಕು. ದಫೇದಾರ ಚಪ್ಪಡಿಯ ಮೇಲೆ ಕುಳಿತು ಜೊತೆಯ ಗುಮಾಸ್ತನಿಗೆ ಲೇಖನಿ ತೆಗೆಯಲು ಹೇಳಿದ. ಆ ಹೇಳಿಕೆಯೇ ನಾನು ಕಂಡ ಮೂರು ಹಾಳೆ. ಗುಮಾಸ್ತ ಒಳ್ಳೆಯವನಿರಬೇಕು, ಆಡಿದ್ದನ್ನು ಆಡಿದಂತೆಯೇ ಬರೆದಿದ್ದಾನೆ.

"ತೋಪಿಗೆ ಹೆದರಿ ಬಂದೆಯಾ?" ಎಂಬುದು ಮೊದಲ ಪ್ರಶ್ನೆ.

"ಹೆದರಿಕೆ ಇತ್ತು ಸ್ವಾಮಿ. ಯಾರಿಗಿಲ್ಲ? ಏಳು ವರ್ಸ ಆ ಹೆದರಿಕೆ ಇಟ್ಕಂಡೇ ಎಳ್ದಿಲ್ವಾ?"

"ಸರ್ಕಾರದ ಉಪ್ಪು ತಿಂದು ಎರಡು ಬಗೆದೆ."

"ನಾನ್ ತಿಂದ ಉಪ್ಪಿಗೆ ಮೈ ಬಗ್ಸಿ ದುಡಿದೀನಿ. ಇವು ನನ್ ಉಪ್ಪು ತಿಂದಾವೆ. ತಿಂದೋನು ಹಿಂಗಿರ್ಬೇಕು ಅಂತ ನಿಮ್ ಪುಸ್ತಕದಾಗೈತೆ. ತಿನ್ಸಿದೋನು ಹೆಂಗಿರ್ಬೇಕು ಅಂತ ಐತಾ?"

ದಫೇದಾರನೂ ಹಳ್ಳಿಯವನೇ ಇರಬೇಕು, ಸೋತ ದನಿಯಲ್ಲಿ ಒಂದು ದಾರಿ ತೋರಿಸಿದ. ಎತ್ತು ಇಳಿಸಿಕೊಟ್ಟರೆ, 'ದಾರಿ ತಪ್ಪಿ ಹಿಂದುಳಿದವನು' ಎಂದು ಬರೆಯುವುದು; ಶಿಕ್ಷೆಯಿಲ್ಲ, ಕೆಟ್ಟ ಹೆಸರಿಲ್ಲ. ಕೊಡದಿದ್ದರೆ ಮೂರು ವರ್ಷ ಕಾಲಿಗೆ ಬೇಡಿ, ಹೆಸರಿನ ಮುಂದೆ ಪರಾರಿ, ಮಕ್ಕಳು ಮರಿಮಕ್ಕಳಿಗೂ ಅದೇ ಗತಿ.

"ದಾರಿ ತಪ್ಪಿದೋನು ನಾನಲ್ಲ. ಪರಾರಿ ಅಂತ್ಲೇ ಬರ್ಕಳ್ರಿ. ದೊಡ್ಡಕ್ಸರದಾಗೆ ಬರ್ಕಳ್ರಿ. ಎತ್ತು ಕೊಡಾಕಿಲ್ಲ" ಎಂದು ಕ್ಯಾತಣ್ಣ ಎರಡೂ ಕೈ ಮುಂದೆ ಚಾಚಿದನಂತೆ. ಕೈಕಟ್ಟಿ ಕರೆದೊಯ್ದರು. ಎತ್ತುಗಳು ಮೇಲೆಯೇ ಉಳಿದವು.

ಸುಲೋಚನಾಬಾಯಿ ಓದಿ ನಿಲ್ಲಿಸಿದಾಗ ನಾನು ಮತ್ತೆ ಆ ಮೊದಲ ಹಾಳೆ ತಿರುವಿದೆ. ಕೆಂಪು ಶಾಯಿಯ ಆ ದಪ್ಪ ಅಕ್ಷರಗಳನ್ನು ನೋಡಿದೆ. ನನ್ನನ್ನು ಹಂಗಿಸಲು ಯಾರೋ ಬರೆದದ್ದೆಂದುಕೊಂಡಿದ್ದೆ. ಅವನೇ ಕೇಳಿ ಬರೆಸಿಕೊಂಡದ್ದು. ಆ ದಫ್ತರಖಾನೆಯಲ್ಲಿ ಕುಳಿತು ಎಪ್ಪತ್ತು ವರ್ಷದ ಮುದುಕ ಗಳಗಳನೆ ಅತ್ತೆನೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನನ್ನ ತಂದೆ ಇದನ್ನು ಕೇಳದೆ ಹೋದನಲ್ಲ ಎಂಬುದೊಂದೇ ಸಂಕಟ.

ಪಂಚಾಯಿತಿಯ ಸಭೆಯಲ್ಲಿ ಕಾಗದದ ನಕಲನ್ನು ಮೇಜಿನ ಮೇಲಿಟ್ಟೆ. ಪರಮೇಶಿ ಓದಿ ಹಿಗ್ಗಿದ. "ಇಷ್ಟ್ ಸಾಕು ಯಜಮಾನ್ರೇ! ವೀರಯೋಧ ಅಂತ ಧಾರಾಳವಾಗಿ ಬರ್ಸಬೌದು" ಎಂದ. "ಬೇಡ" ಎಂದೆ. ಅಮೃತಗಿರಿಯಾದರೂ ಆಗಲಿ ಎಂದು ಸದಸ್ಯರು ಗೋಗರೆದರು. ಹೆಸರು ಬದಲಿಸುವುದಾದರೆ ಫಲಕ ನೆಡುವ ಗುಂಡಿಯಲ್ಲಿ ನನ್ನನ್ನೇ ಮೊದಲು ಹೂಳಿ ಎಂದೆ. "ಬೇಡಿ ಹಾಕಿಸ್ಕಂಡು ಅವ್ನು ಉಳ್ಸಿಕಂಡ ಹೆಸ್ರು ಕಣಪ್ಪ ಅದು. ತೊಳ್ಯಾಕೆ ನಾನ್ಯಾರು, ನೀನ್ಯಾರು? ಪರಾರಿ ಅಂತ್ಲೇ ಬರ್ಸಿ. ದೊಡ್ಡಕ್ಷರದಲ್ಲಿ ಬರ್ಸಿ." ಸಭೆ ಗದ್ದಲವಾಯಿತು, ಎರಡು ಬಾರಿ ಮುಂದಕ್ಕೆ ಹೋಯಿತು. ಮೂರನೆಯ ಸಲಕ್ಕೆ ಅವರೇ ಸುಸ್ತಾದರು.

ಕ್ಯಾತಣ್ಣ ಮೂರು ವರ್ಷ ಮುಗಿಸಿ ಬರುವವರೆಗೆ ಸಿರಿಯಮ್ಮ ದಿನವೂ ಗುಡ್ಡ ಹತ್ತಿ ಆ ಚಪ್ಪಡಿಯ ಮೇಲೆ ಉಪ್ಪಿಟ್ಟಳು ಎನ್ನುತ್ತಾರೆ; ಎತ್ತುಗಳು ನೆಕ್ಕಿ ನೆಕ್ಕಿಯೇ ಅಲ್ಲಿ ಗುಳಿ ಬಿದ್ದಿದ್ದು. ಆಮೇಲೆ ಬಿಲ್ಲ ಬಹಳ ಕಾಲ ಬದುಕಿದ. ಅವನು ಸತ್ತ ಹದಿನೈದು ದಿನಕ್ಕೆ ಬಾಣನೂ ಹೋದ. ಇಬ್ಬರೂ ಆ ಕಲ್ಲುಗೂಟಗಳ ಅಡಿಯಲ್ಲೇ ಇದ್ದಾರೆ. ಇಂದು ಬರುವವರು ಬುಡದಲ್ಲಿ ಕೆಂಪು ಬಣ್ಣದ, ಆಳುದ್ದದ ಅಕ್ಷರಗಳ ಫಲಕ ಕಾಣುತ್ತಾರೆ. ಬಸ್ಸಿನಲ್ಲಿ ಕುಳಿತವರಿಗೂ ಅದು ಓದಲು ಸಿಗುತ್ತದೆ. ಸೋಮವಾರ ಉಪ್ಪಿಡುವವನು ನಾನು. ಓದಿದ ಮೇಲೂ ಕೈ ಇಳಿಸುವವರು ಇದ್ದೇ ಇದ್ದಾರೆ, ಇಳಿಸಲಿ. ಅವರು ಗುಡ್ಡ ಇಳಿದು ಹೋದ ಮೇಲೆ ಕಾವಲಿನ ದನಗಳು ಒಂದೊಂದಾಗಿ ಮೇಲೆ ಬಂದು ಉಪ್ಪು ನೆಕ್ಕುತ್ತವೆ.