ಉಪ್ಪು ಬಿಡದ ಇದ್ದಿಲ ಹಲಗೆ

ಸವಳು ನೀರನ್ನು ಸಿಹಿ ಮಾಡುವ ಯಂತ್ರದಲ್ಲಿ ಒಂದು ಇದ್ದಿಲ ಹಲಗೆಯಿತ್ತು. ಕರೆಂಟು ಹರಿದಾಗ ಅದು ನೀರಿನ ಉಪ್ಪನ್ನು ಹಿಡಿದುಕೊಳ್ಳುತ್ತಿತ್ತು. ಕರೆಂಟು ದಿಕ್ಕು ತಿರುಗಿದಾಗ ಆ ಉಪ್ಪನ್ನೆಲ್ಲ ಚರಂಡಿಗೆ ಬಿಡಬೇಕಿತ್ತು.

ಒಂದು ದಿನ ನಲ್ಲಿಯ ಕೆಳಗೆ ಬಂದು ಕೂತ ಹೊಸ ಬಿಂದಿಗೆ, "ನಿಮ್ಮಂಥ ಶುದ್ಧರನ್ನು ನಾನು ಕಂಡಿಲ್ಲ ಸ್ವಾಮಿ" ಎಂದು ಹಲಗೆಯನ್ನು ಬಾಯ್ತುಂಬ ಹೊಗಳಿತು. ಅದರೆದುರು ಉಪ್ಪು ಬಿಟ್ಟು ಮೈತೊಳೆದುಕೊಳ್ಳಲು ಹಲಗೆಗೆ ನಾಚಿಕೆಯಾಯಿತು. ಕರೆಂಟು ತಿರುಗಿದರೂ ಉಪ್ಪನ್ನು ಬಿಗಿಯಾಗಿ ಅವುಚಿಕೊಂಡಿತು.

"ಬಿಡಪ್ಪ, ನಾನಿದ್ದೇನಲ್ಲ" ಎಂದಿತು ಚರಂಡಿ.

"ನಿನ್ನ ಪರಿಚಯವೇ ನನಗಿಲ್ಲ" ಎಂದಿತು ಹಲಗೆ.

ಮತ್ತೆ ನೀರು ಬಂತು. ಹಲಗೆಯಲ್ಲಿ ಜಾಗವಿರಲಿಲ್ಲ, ಬಿಂದಿಗೆಗೆ ಸವಳು ನೀರೇ ತುಂಬಿತು. ಬಾಯಾರಿ ಬಂದ ಹೆಂಗಸು ಒಂದು ಗುಟುಕು ಕುಡಿದು ಉಗುಳಿ, ಅಷ್ಟನ್ನೂ ಚರಂಡಿಗೆ ಸುರಿದಳು.

ಹಲಗೆ ಮುಖ ಎತ್ತಲಿಲ್ಲ.

"ಈಗಲಾದರೂ ಬಿಡು" ಎಂದಿತು ಚರಂಡಿ ಮೆಲ್ಲಗೆ. "ಪರಿಚಯವಿಲ್ಲದವರಿಗೂ ನನ್ನಲ್ಲಿ ಜಾಗವಿದೆ."